ಕಪ್ಪು ಹೊಳಪಿನ ಸ್ಪೀಕರ್: ಬಟ್ಟೆ ಹಿಡಿಯೋ ಮುಂಚೆ

ಮೊಬೈಲ್ ಟಾರ್ಚ್ ಹಾಕಿ ಈ ಸ್ಪೀಕರ್ ಹತ್ತಿರ ಹಿಡಿದಿದ್ದೀನಿ, ನೋಡಿ. ಬೆಳಕಿನ ಸುತ್ತ ಜೇಡರಬಲೆ ಥರ ಸಣ್ಣ ಸಣ್ಣ ಗೀರು ಕಾಣ್ತಿದೆಯಲ್ಲ? ಯಾರೂ ಕೆರೆದಿಲ್ಲ. ದಿನಾ ಒಣ ಬಟ್ಟೆಯಲ್ಲಿ ಒರೆಸಿದ್ದರ ಗುರುತು ಇದು. ನೋಡಿದರೆ ಹೊಟ್ಟೆ ಚುರ್ ಅನ್ನುತ್ತೆ.

ಮನೆ ಧೂಳಿನಲ್ಲಿ ಮರಳಿನ ಪುಡಿಯೂ ಇರುತ್ತೆ. ಅದು ಕ್ವಾರ್ಟ್ಜ್, ಗಡಸುತನದ ಮೋಸ್ ಅಳತೆಯಲ್ಲಿ 7, ಕಿಟಕಿ ಗಾಜಿಗಿಂತ ಗಟ್ಟಿ. ಸ್ಪೀಕರ್ ಮೇಲಿನ ಲ್ಯಾಕರ್ ಅದರ ಮುಂದೆ ಬಹಳ ಮೆತ್ತಗೆ. ಬಟ್ಟೆ ಒತ್ತಿ ಉಜ್ಜಿದರೆ ಆ ಪುಡಿಯೇ ಸ್ಯಾಂಡ್‌ಪೇಪರ್. ಬಿಳಿ ಸ್ಪೀಕರ್ ಮೇಲೂ ಗೀರು ಬೀಳುತ್ತೆ, ಕಪ್ಪಿನ ಮೇಲೆ ಎದ್ದು ಕಾಣುತ್ತೆ ಅಷ್ಟೆ.

ಹಾಗಾಗಿ ಮೊದಲು ಧೂಳು ಹಾರಿಸಿ. ಕ್ಯಾಮೆರಾ ಲೆನ್ಸಿಗೆ ಬಳಸೋ ರಬ್ಬರ್ ಬ್ಲೋವರ್ ಸಾಕು. ಟ್ವೀಟರ್ ಕಡೆ ಮಾತ್ರ ಊದಬೇಡಿ, ಆ ಪುಟ್ಟ ಗುಮ್ಮಟ ತುಂಬ ನಾಜೂಕು.

ಆಮೇಲೆ ಒಗೆದ ಮೈಕ್ರೋಫೈಬರ್ ಬಟ್ಟೆ. ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ. ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತೆ. ಸ್ಪೀಕರ್ ಮೇಲೆ ನೇರ ನೀರು ಚಿಮುಕಿಸಲೇಬೇಡಿ. ಒಳಗಿರೋದು ಸಾಮಾನ್ಯವಾಗಿ ಎಂಡಿಎಫ್ ಅನ್ನೋ ಮರದ ನಾರಿನ ಹಲಗೆ, ಸಂದಿಯಲ್ಲಿ ನೀರಿಳಿದರೆ ಉಬ್ಬಿಕೊಳ್ಳುತ್ತೆ. ಬಟ್ಟೆಯ ತೂಕವೇ ಸಾಕು, ಕೈ ಒತ್ತಬೇಡಿ. ದುಂಡಗೆ ತಿರುಗಿಸದೆ ನೇರವಾಗಿ ಎಳೀರಿ, ಒಂದೊಂದು ಎಳೆತಕ್ಕೂ ಮಡಿಕೆ ಬದಲಿಸಿ.

ಗಾಜು ಒರೆಸೋ ಸ್ಪ್ರೇ ದೂರ ಇಡಿ. ಅದರಲ್ಲಿ ಅಮೋನಿಯಾನೋ ಆಲ್ಕೋಹಾಲೋ ಇದ್ದರೆ ಅಕ್ರಿಲಿಕ್ ಹೊಳಪಿನಲ್ಲಿ ಕೂದಲೆಳೆ ಬಿರುಕು ಬಿಡಬಹುದು. ಬೆರಳ ಗುರುತು ಮಾತ್ರ ಇದ್ದರೆ, ಧೂಳು ಹಾರಿಸಿ, ಬಾಯಿಂದ ಹಾ ಅಂತ ಉಸಿರು ಬಿಟ್ಟು ಮೆಲ್ಲಗೆ ಒರೆಸಿ. ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತೆ.