ಸಸ್ಯವರ್ಣಕ್ಕೆ ಪಟಿಕದ ಬೆಸುಗೆ

ಸಸ್ಯಜನ್ಯವಾದ ಬಣ್ಣವು ಬಟ್ಟೆಯ ಮೇಲೆ ನಿಲ್ಲಲಾರದೆಂಬ ಮಾತು ನಗರವಾಸಿಗಳಾದ ನಮ್ಮಲ್ಲಿ ಗಾದೆಯಷ್ಟೇ ರೂಢವಾಗಿದೆ. ನಾನೂ ಹಾಗೆಂದೇ ನಂಬಿದ್ದೆನು. ಇಲ್ಲಿಯ ಅಂಗಡಿಯೊಂದರಲ್ಲಿ 'ಅಪ್ಪಟ ಸಹಜವರ್ಣ'ವೆಂದು ಕೊಂಡು ತಂದ ಹಳದಿಯ ಮೇಲುವಸ್ತ್ರವು ಮೊದಲನೆಯ ಒಗೆತದಲ್ಲಿಯೇ ಸಾಬೂನು ತಗುಲಿದೆಡೆ ಕೆಂಪಾಗಿ, ಕೆಲವು ವಾರಗಳ ಬಿಸಿಲಿಗೆ ಬಿಳಿಚಿಕೊಂಡಿತು. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಆಡಿ ಬೆಳೆದ ಕನ್ನಡಿಗನಿಗೆ ಈ ಕೆಂಪಿನ ಗುಟ್ಟು ಒಡನೆಯೇ ಹೊಳೆಯಬೇಕಾಗಿತ್ತು. ಅರಿಶಿನವು ಕ್ಷಾರಕ್ಕೆ ಕೆಂಪೇರುವುದು, ಬಿಸಿಲಿಗೆ ಅಳಿಯುವುದು. ಅದೊಂದರ ದೋಷವನ್ನು ಸಸ್ಯಕುಲಕ್ಕೆಲ್ಲ ಹೊರಿಸುವುದು ನ್ಯಾಯವಲ್ಲ. ಮೊಹೆಂಜೊದಾರೋವಿನಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿ ಉಳಿದ ಹತ್ತಿಬಟ್ಟೆಯ ತುಣುಕಿನಲ್ಲಿ ಮಂಜಿಷ್ಠದ ಜಾತಿಯ ಬಣ್ಣವನ್ನು ಗುರುತಿಸಿದ್ದಾರೆ.

ಹಾಗಾದರೆ ಬಣ್ಣವನ್ನು ಹಿಡಿದು ನಿಲ್ಲಿಸುವುದು ಯಾವುದು? ಬೇರಿನ ಕಷಾಯದಲ್ಲಿ ಬರಿಯ ಹತ್ತಿಯನ್ನು ಕುದಿಸಿದರೆ ಮಾಸಲು ಛಾಯೆಯೊಂದು ಹತ್ತಿ, ಒಗೆತಕ್ಕೆ ಹರಿದುಹೋಗುತ್ತದೆ. ಅದೇ ಬಟ್ಟೆಗೆ ಮೊದಲು ಪಟಿಕದ ನೀರನ್ನು ಊಡಿದ್ದರೆ, ಪಟಿಕದೊಳಗಿನ ಅಲ್ಯೂಮಿನಿಯಂ ಒಂದು ಕೈಯಿಂದ ನೂಲನ್ನೂ ಇನ್ನೊಂದರಿಂದ ಬೇರಿನ ವರ್ಣದ್ರವ್ಯವನ್ನೂ ಹಿಡಿದು, ನೀರಿನಲ್ಲಿ ಕರಗದ ಕೆಂಪನ್ನು ನೂಲಿನಲ್ಲಿಯೇ ನೆಲೆಗೊಳಿಸುತ್ತದೆ. ಇಂತಹ ದ್ರವ್ಯವನ್ನು ವರ್ಣಬಂಧಕವೆನ್ನಬಹುದು.

ಇದನ್ನು ಕಣ್ಣಾರೆ ಕಾಣಬೇಕಾದರೆ ಮಚಲೀಪಟ್ಟಣದ ಬಳಿಯ ಪೆಡನದ ಕಲಂಕಾರಿಯನ್ನು ನೋಡಬೇಕು. ಕೃಷ್ಣೆ ಕಡಲನ್ನು ಸೇರುವ ಸೀಮೆ ಅದು. ಆಲಮಟ್ಟಿಯನ್ನು ದಾಟಿಹೋದ ನಮ್ಮ ಕೃಷ್ಣೆಯೇ. ಅಲ್ಲಿ ಬಟ್ಟೆಯನ್ನು ಮೊದಲು ಅಳಲೆಕಾಯಿಯ ಒಗರು ನೀರಿನಲ್ಲಿ ಅದ್ದುವರು. ಬೆಲ್ಲದ ನೀರಿನಲ್ಲಿ ತುಕ್ಕುಗಬ್ಬಿಣವನ್ನು ಹಲವು ದಿನ ಹುಳಿಯಿಸಿದ ರಸವನ್ನು ಮರದ ಅಚ್ಚಿನಿಂದ ಒತ್ತಿದೊಡನೆ, ಅಳಲೆಯ ಒಗರೂ ಕಬ್ಬಿಣವೂ ಕೂಡಿ ಕಪ್ಪು ಮೂಡುತ್ತದೆ. ಕೆಂಪು ಬೇಕಾದೆಡೆ ಒತ್ತುವುದು ಕೆಂಪನ್ನಲ್ಲ, ಪಟಿಕದ ಪಾಕವನ್ನು. ಆಮೇಲೆ ಬಟ್ಟೆಯನ್ನೆಲ್ಲ ಬೇರಿನ ಕಷಾಯದಲ್ಲಿ ಕುದಿಸಿದರೆ ಪಟಿಕವಿದ್ದೆಡೆ ಮಾತ್ರ ಕೆಂಪು ಅರಳುವುದು. ರೋಮಿನ ಪ್ಲಿನಿಯು ಮೊದಲನೆಯ ಶತಮಾನದಲ್ಲಿಯೇ ಈಜಿಪ್ಟಿನ ಇಂತಹ ಕೆಲಸವನ್ನು ವರ್ಣಿಸಿ, ಒಂದೇ ಹಂಡೆಯಿಂದ ಹಲವು ಬಣ್ಣ ಹೊರಬರುವುದಕ್ಕೆ ಬೆರಗಾಗಿದ್ದನು.

ನೀಲಿಯ ದಾರಿ ಮಾತ್ರ ಬೇರೆ. ಅದಕ್ಕೆ ಬಂಧಕ ಬೇಡ. ನೀರಿನಲ್ಲಿ ಕರಗದ ನೀಲಿಯನ್ನು ಕ್ಷಾರದ ತೊಟ್ಟಿಯಲ್ಲಿ ಹುಳಿಯಿಸಿ ಕರಗುವಂತೆ ಮಾಡಬೇಕು. ಹಸುರುಹಳದಿಯಾಗಿ ಮೇಲೆದ್ದ ನೂಲು ಗಾಳಿಗೆ ನೀಲವಾಗುತ್ತದೆ.

1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್ಮನ್ನರು ಮಂಜಿಷ್ಠದ ಜಾತಿಯ ಬೇರುಗಳಲ್ಲಿರುವ ಅಲಿಜರಿನ್ ಎಂಬ ಕೆಂಪನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದರು; 1897ರಲ್ಲಿ ಕೃತಕ ನೀಲಿಯೂ ಮಾರುಕಟ್ಟೆಗೆ ಬಂದಿತು. ಬೇರಿನ ಅಲಿಜರಿನ್ನಿಗೂ ಕಾರ್ಖಾನೆಯ ಅಲಿಜರಿನ್ನಿಗೂ ಅಣುರಚನೆಯಲ್ಲಿ ಭೇದವಿಲ್ಲ, ಎರಡಕ್ಕೂ ಪಟಿಕವೇ ಬೇಕು. ಆದುದರಿಂದ ಅಂಗಡಿಯಲ್ಲಿ 'ಯಾವ ಗಿಡದ ಬಣ್ಣ?' ಎಂದಷ್ಟೇ ವಿಚಾರಿಸಿದರೆ ಸಾಲದು. ಯಾವ ಬಂಧಕವೆಂದೂ ಕೇಳಬೇಕು. ಪಟಿಕವೆಂದರೆ ಚಿಂತೆಯಿಲ್ಲ. ಕೆಲವೆಡೆ ಬಳಸುವ ಕ್ರೋಮಿಯಂ ಲವಣವಾದರೆ, ಬಣ್ಣವು ಎಷ್ಟೇ ಅಪ್ಪಟ ಬೇರಿನದಾಗಿರಲಿ, ಬಣ್ಣಗಾರನ ಕೈಗೂ ಊರಿನ ಹಳ್ಳಕ್ಕೂ ಅದು ವಿಷವೇ.