ಕಿಡಿ ಎಲ್ಲಿ ತಪ್ಪಿತು? ಹಳೆಯ ಮೋಟಾರು ಬೈಸಿಕಲ್ಲಿನ ರೋಗನಿದಾನ

ನಾಡಿ ನೋಡದೆ ಔಷಧ ಕೊಡುವ ವೈದ್ಯನನ್ನು ಯಾರೂ ನಂಬುವುದಿಲ್ಲ. ಆದರೆ ಕೆಟ್ಟುನಿಂತ ಯಂತ್ರದ ಮುಂದೆ ಕುಳಿತಾಗ ನಾವೇ ಅಂತಹ ವೈದ್ಯರಾಗುವುದುಂಟು.

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ತರುಣನೊಬ್ಬನು ತನ್ನ ತಾತನ ಜಾವಾ ಮೋಟಾರು ಬೈಸಿಕಲ್ಲನ್ನು ಮತ್ತೆ ಸಜ್ಜುಗೊಳಿಸಿದ್ದಾನೆ ಎಂದಿಟ್ಟುಕೊಳ್ಳೋಣ. ಚೌಕಟ್ಟಿನ ತುಕ್ಕು ತೆಗೆದು, ಹೊಸ ಬಣ್ಣ ಬಳಿಸಿ, ಪೆಟ್ರೋಲು ತುಂಬಿ ಕಿಕ್ ಒದೆಯುತ್ತಾನೆ. ಇಂಜಿನು ಉಸಿರೆತ್ತದು. ಕಾಯಿಲು ಬದಲಿಸು ಎಂದು ಒಬ್ಬರು, ಕಂಡೆನ್ಸರು ಬದಲಿಸು ಎಂದು ಇನ್ನೊಬ್ಬರು ಸಲಹೆ ಕೊಡುತ್ತಾರೆ. ಹೀಗೆ ಮೂಲ ಭಾಗಗಳು ಒಂದೊಂದಾಗಿ ಗುಜರಿ ಸೇರುತ್ತವೆ. ಈ ಗಾಡಿಗಳನ್ನು 1961ರಿಂದ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಒಮ್ಮೆ ಎಸೆದ ಒಳ್ಳೆಯ ಭಾಗಕ್ಕೆ ಸರಿಸಮನಾದುದನ್ನು ಹುಡುಕುವುದು ಇಂದು ಸುಲಭವಲ್ಲ. ಆದುದರಿಂದ ಮೊದಲು ಪರೀಕ್ಷೆ, ಆಮೇಲೆ ಬದಲಾವಣೆ ಎಂಬುದೇ ಇಲ್ಲಿ ನಾವು ಹೇಳಬೇಕೆಂದಿರುವ ಮಾತು.

ಕಿಡಿಯ ಹುಟ್ಟು

ಜಾವಾ 250ರಲ್ಲಿರುವುದು 6 ವೋಲ್ಟಿನ ಬ್ಯಾಟರಿ. ಪ್ಲಗ್ಗಿನ ಎರಡು ತುದಿಗಳ ನಡುವಣ ಅಂತರವಾದರೋ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಸಿಲಿಂಡರಿನೊಳಗೆ ಅದುಮಲ್ಪಟ್ಟ ಅನಿಲದಲ್ಲಿ ಅಷ್ಟು ದೂರ ಜಿಗಿಯಲು ವಿದ್ಯುತ್ತಿಗೆ ಸಾವಿರಾರು ವೋಲ್ಟುಗಳ ಬಲ ಬೇಕು. ಆರನ್ನು ಸಾವಿರಾರು ಮಾಡುವ ಸಾಧನವೇ ಕಾಯಿಲು. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿವೆ: ದಪ್ಪ ತಂತಿಯ ಕೆಲವು ನೂರು ಸುತ್ತುಗಳು, ಕೂದಲೆಳೆಯಂತಹ ತಂತಿಯ ಅನೇಕ ಸಾವಿರ ಸುತ್ತುಗಳು. ದಪ್ಪ ತಂತಿಯಲ್ಲಿ ಪ್ರವಾಹ ಹರಿಯುವಾಗ ತಿರುಳು ಅಯಸ್ಕಾಂತವಾಗುತ್ತದೆ. ಆ ಪ್ರವಾಹವನ್ನು ಥಟ್ಟನೆ ಕಡಿದರೆ ಅಯಸ್ಕಾಂತ ಕ್ಷೇತ್ರವು ಕುಸಿದು, ಸಣ್ಣ ತಂತಿಯಲ್ಲಿ ಭಾರಿ ವೋಲ್ಟೇಜು ಹುಟ್ಟುತ್ತದೆ.

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ತತ್ತ್ವವಿದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿದುಬಂದಾಗಲೂ ವೋಲ್ಟೇಜನ್ನು ಏರಿಸಿದ್ದು ಇದೇ ತತ್ತ್ವ. ಬೂದಿಕೋಟೆಯ ನೆರೆಯ ಗಣಿಗಳನ್ನು ನಡೆಸಿದ ಆ ವಿದ್ಯೆಯು ಇಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಡಬ್ಬಿಯಲ್ಲಿ ಅಡಗಿದೆ.

ಪ್ರವಾಹವನ್ನು ಕಡಿಯುವ ಕೆಲಸ ಪಾಯಿಂಟುಗಳದು. ಇಂಜಿನು ತಿರುಗಿದಂತೆ ಅವು ಕೂಡುತ್ತವೆ, ಬಿಡುತ್ತವೆ. ಬಿಡುವ ಗಳಿಗೆಯಲ್ಲಿ ಪ್ರವಾಹವು ಅವುಗಳ ನಡುವೆಯೇ ಜಿಗಿಯಲು ಹವಣಿಸುತ್ತದೆ. ಹಾಗಾದರೆ ಕಡಿತವು ನಿಧಾನವಾಗಿ, ಪ್ಲಗ್ಗಿನ ಕಿಡಿ ಸೊರಗುತ್ತದೆ. ಆ ಗಳಿಗೆಯ ವಿದ್ಯುತ್ತನ್ನು ತನ್ನೊಳಗೆ ಸೆಳೆದುಕೊಂಡು ಕಡಿತವನ್ನು ಚುರುಕುಗೊಳಿಸುವುದೇ ಕಂಡೆನ್ಸರಿನ ಕಾರ್ಯ.

ತುದಿಯಿಂದ ಮೂಲಕ್ಕೆ

ಶೋಧನೆಯನ್ನು ಪ್ಲಗ್ಗಿನಿಂದ ಆರಂಭಿಸಿ ಹಿಂದಕ್ಕೆ ಸಾಗುವುದು ಲೇಸು. ಪ್ಲಗ್ಗನ್ನು ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಸಂದೇಹ ಕಿಡಿಯ ಮೇಲೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಎರಡು ಸ್ಟ್ರೋಕಿನ ಇಂಜಿನಿನಲ್ಲಿ ಮಸಿಯ ಸಣ್ಣ ಎಳೆಯೊಂದು ಪ್ಲಗ್ಗಿನ ತುದಿಗಳನ್ನು ಬೆಸೆದು ಕಿಡಿಯನ್ನು ನುಂಗುವುದುಂಟು.

ಪ್ಲಗ್ಗನ್ನು ಶುಚಿಮಾಡಿದ ಮೇಲೂ ಫಲವಿಲ್ಲದಿದ್ದರೆ ಅದರ ಟೋಪಿಯನ್ನು ಕಳಚಿ, ರಬ್ಬರು ಹಿಡಿಯುಳ್ಳ ಇಕ್ಕಳದಿಂದ ತಂತಿಯ ತುದಿಯನ್ನು ಇಂಜಿನಿನ ಲೋಹಕ್ಕೆ 5 ಮಿಲಿಮೀಟರು ದೂರದಲ್ಲಿ ಹಿಡಿದು ಕಿಕ್ ಒದೆಯಿಸಬೇಕು. ಪ್ಲಗ್ಗಿನ ರಂಧ್ರದಿಂದ ಪೆಟ್ರೋಲಿನ ಆವಿ ಹೊರಡುವುದರಿಂದ ಕಿಡಿಯನ್ನು ಅದರ ಹತ್ತಿರ ತರಕೂಡದು. ನೀಲಿಯ ಕಿಡಿ ಚಟಚಟನೆ ಸದ್ದುಮಾಡಿ ಹಾರಿದರೆ ದೋಷವು ಪ್ಲಗ್ಗಿನಲ್ಲೋ ಟೋಪಿಯಲ್ಲೋ ಇದೆ. ಕಿಡಿ ಕೆಂಪಗೆ ಬಡಕಲಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಮುಂದೆ ಸಾಗಬೇಕು. ಬಯಲು ಗಾಳಿಯಲ್ಲಿ ಪ್ಲಗ್ಗು ಸಣ್ಣಗೆ ಮಿನುಗಿದ ಮಾತ್ರಕ್ಕೆ ತೃಪ್ತರಾಗಬಾರದು. ಅದುಮಿದ ಅನಿಲದೊಳಗೆ ಅದೇ ಕಿಡಿ ಸೋಲುತ್ತದೆ.

ದೀಪದ ಸಾಕ್ಷ್ಯ

ಇನ್ನು ಬೇಕಾದುದು 6 ವೋಲ್ಟಿನ ಸಣ್ಣ ಬಲ್ಬು, ಎರಡು ತುಂಡು ತಂತಿ. ಕಾಯಿಲಿನಿಂದ ಪಾಯಿಂಟಿಗೆ ತಂತಿ ಹೊರಡುವ ತಿರುಪಿಗೆ ಬಲ್ಬಿನ ಒಂದು ಕೊನೆಯನ್ನೂ, ಇಂಜಿನಿನ ಲೋಹಕ್ಕೆ ಮತ್ತೊಂದನ್ನೂ ತಾಗಿಸಿ, ಕೀಲಿ ತಿರುಗಿಸಿ, ಇಂಜಿನನ್ನು ಕೈಯಿಂದ ಮೆಲ್ಲಗೆ ಸುತ್ತಿಸಿ. ಪಾಯಿಂಟುಗಳು ಬಿಟ್ಟಾಗ ದೀಪ ಹೊತ್ತಬೇಕು, ಕೂಡಿದಾಗ ಆರಬೇಕು. ಹೀಗಾದರೆ ಬ್ಯಾಟರಿಯಿಂದ ಪಾಯಿಂಟಿನವರೆಗೆ ದಾರಿ ಸಲೀಸಾಗಿದೆ.

ಸದಾ ಹೊತ್ತಿಯೇ ಇದ್ದರೆ ಪಾಯಿಂಟುಗಳು ಮುಟ್ಟುವಂತೆ ಕಂಡರೂ ಮುಟ್ಟುತ್ತಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕಣ್ಣಿಗೆ ಕಾಣದ ಕಿಲುಬಿನ ಪೊರೆ ಅವನ್ನು ಮುಸುಕಿರುತ್ತದೆ. ನಯವಾದ ಉಪ್ಪುಕಾಗದದಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಪೂರ್ಣ ತೆರೆದಾಗಿನ ಅಂತರವನ್ನು ಸುಮಾರು 0.4 ಮಿಲಿಮೀಟರಿಗೆ ಹೊಂದಿಸಿದರೆ ಆಯಿತು.

ಸದಾ ಆರಿಯೇ ಇದ್ದರೆ ಪಾಯಿಂಟಿಗೆ ಹೋಗುವ ತಂತಿಯನ್ನು ಕಾಯಿಲಿನಿಂದ ಬಿಡಿಸಿ ನೋಡಿ. ಈಗ ಹೊತ್ತಿದರೆ ಆ ತಂತಿಯೋ ಕಂಡೆನ್ಸರೋ ಲೋಹಕ್ಕೆ ತಾಗಿಕೊಂಡಿದೆ. ಆಗಲೂ ಹೊತ್ತದಿದ್ದರೆ ಬ್ಯಾಟರಿ, ಕೀಲಿ, ಕಾಯಿಲಿನ ದಪ್ಪ ಸುರುಳಿ, ವಿದ್ಯುತ್ತು ಹಿಂದಿರುಗುವ ದಾರಿ ಇವುಗಳಲ್ಲಿ ಒಂದು ತುಂಡಾಗಿದೆ.

ದೀಪವು ಸರಿಯಾಗಿ ಹೊತ್ತಿ ಆರಿದರೂ ಕಿಡಿ ಬಡವಾಗಿದ್ದರೆ, ಮತ್ತು ಪಾಯಿಂಟುಗಳ ನಡುವೆಯೇ ದಪ್ಪ ಕಿಡಿ ಹಾರುತ್ತಿದ್ದರೆ, ಆಗ ಮಾತ್ರ ಕಂಡೆನ್ಸರನ್ನು ಸಂಶಯಿಸಬೇಕು. ತಣ್ಣಗಿರುವಾಗ ಓಡಿ, ಕಾದ ಮೇಲೆ ನಿಂತು, ಆರಿದ ಬಳಿಕ ಮತ್ತೆ ಓಡುವ ಗಾಡಿಯಲ್ಲಿ ಕಂಡೆನ್ಸರೋ ಕಾಯಿಲೋ ಮುಪ್ಪಾಗಿರುವುದು ಸಂಭವ. ಮೊದಲು ಅಗ್ಗವಾದ ಕಂಡೆನ್ಸರನ್ನು ಬದಲಿಸಿ ನೋಡುವುದು ಜಾಣತನ.

ಬಣ್ಣದ ಮರೆಯಲ್ಲಿ

ಹೊಸದಾಗಿ ಸಜ್ಜುಗೊಂಡ ಗಾಡಿಗೆಂದೇ ಮೀಸಲಾದ ದೋಷವೊಂದಿದೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ತಂತಿಯಲ್ಲಿ ಹೋಗಿ, ಇಂಜಿನು ಮತ್ತು ಚೌಕಟ್ಟಿನ ಲೋಹದ ಮೂಲಕ ಮರಳುತ್ತದೆ. ಎಂದರೆ ಚೌಕಟ್ಟೇ ಮಂಡಲದ ಅರ್ಧ ಭಾಗ. ಬಣ್ಣವು ವಿದ್ಯುತ್ತನ್ನು ಬಿಟ್ಟುಕೊಡದ ಪದಾರ್ಥ. ಕಳಚುವ ಮೊದಲು ಲೋಹಕ್ಕೆ ಲೋಹ ಮುಟ್ಟುತ್ತಿದ್ದ ಕಡೆಗಳಲ್ಲಿ ಈಗ ದಪ್ಪ ಬಣ್ಣದ ಪದರವಿದ್ದರೆ ದಾರಿ ಮುಚ್ಚಿತು. ಪೂರ್ಣ ಮುಚ್ಚದಿದ್ದರೂ ಹಾನಿಯೇ: ಒಂದು ವೋಲ್ಟಿನ ನಷ್ಟ 12 ವೋಲ್ಟಿನ ಗಾಡಿಗೆ ಹನ್ನೆರಡನೆಯ ಒಂದು ಪಾಲಾದರೆ, 6 ವೋಲ್ಟಿನ ಗಾಡಿಗೆ ಆರನೆಯ ಒಂದು ಪಾಲು.

ಪರೀಕ್ಷೆ ಸರಳ. ಮುಂದೀಪದ ಬಲ್ಬನ್ನು ಬ್ಯಾಟರಿಯ ಎರಡು ಕೊನೆಗಳಿಗೆ ತಾಗಿಸಿ ಬೆಳಕನ್ನು ಗಮನಿಸಿ. ಬಳಿಕ ಚೌಕಟ್ಟಿಗೆ ಸೇರಿದ ಕೊನೆಯನ್ನು ಬಿಟ್ಟು, ಅದರ ಬದಲು ಇಂಜಿನಿನ ಲೋಹಕ್ಕೆ ತಾಗಿಸಿ. ಬೆಳಕು ಮಂಕಾದರೆ ಮರಳುವ ದಾರಿಯಲ್ಲಿ ತಡೆಯಿದೆ. ಮೊಳೆಗಳ ಕೆಳಗಿನ ಬಣ್ಣವನ್ನು ಬಿಲ್ಲೆಯಗಲ ಕೆರೆದು ಬಿಗಿಯಬೇಕು. ಇಂಜಿನಿನಿಂದ ಬ್ಯಾಟರಿಗೆ ದಪ್ಪ ತಂತಿಯೊಂದನ್ನು ಎಳೆದರೆ ಇನ್ನೂ ಭದ್ರ.

ಇಷ್ಟಾದ ಮೇಲೂ ಕಿಡಿ ಚೆನ್ನಾಗಿದ್ದು ಇಂಜಿನು ಹಿಂದಕ್ಕೆ ಒದ್ದರೆ, ಕಿಡಿ ಹುಟ್ಟುತ್ತಿದೆ, ಹೊತ್ತು ತಪ್ಪಿದೆ ಎಂದು ಅರ್ಥ. ತಯಾರಕರ ಕೈಪಿಡಿಯಂತೆ ಪಾಯಿಂಟುಗಳು ತೆರೆಯುವ ಗಳಿಗೆಯನ್ನು ಹೊಂದಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಬರೆದಿಟ್ಟುಕೊಂಡು, ಕಳಚಿದ ಹಳೆಯ ಭಾಗವನ್ನು ಗಾಡಿ ಓಡುವವರೆಗೂ ಎಸೆಯದೆ ಇಟ್ಟುಕೊಳ್ಳುವವನಿಗೆ ಈ ಕೆಲಸದಲ್ಲಿ ಸೋಲು ಅಪರೂಪ.