ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ರಿವಾಲ್ವರು

ಸುಗ್ಗಿ ಮುಗಿದು ಮನೆಗೆ ಸುಣ್ಣ ಬಳಿಯುವ ಕಾಲ. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಇಳಿಸಿ ನೋಡಿದರೆ ಜಮೀನಿನ ಪತ್ರಗಳು, ಮಿಲಿಟರಿಯಲ್ಲಿದ್ದ ಅಜ್ಜನ ಪದಕ, ಅವುಗಳ ಅಡಿಯಲ್ಲಿ ಬಟ್ಟೆ ಸುತ್ತಿದ ಒಂದು ರಿವಾಲ್ವರು. “ಅವರು ಹೋದಮೇಲೆ ಯಾರೂ ಮುಟ್ಟಿಲ್ಲ ಕಣಪ್ಪ” ಎನ್ನುತ್ತಾರೆ ಅಜ್ಜಿ. ಅಷ್ಟರಲ್ಲಿ ಮನೆಯ ಮಗು ಅದಕ್ಕೆ ಕೈ ಚಾಚುತ್ತದೆ.

ರೈತ ಬಾಂಧವರೇ, ಇಂಥ ಸಂದರ್ಭ ಯಾರ ಮನೆಯಲ್ಲಾದರೂ ಬರಬಹುದು. ಆಗ ಏನು ಮಾಡಬೇಕು, ಏನು ಮಾಡಕೂಡದು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಪ್ರಾಣ

ಆಯುಧ ಎಷ್ಟೇ ಹಳೆಯದಿರಲಿ, ಅದರಲ್ಲಿ ತೋಟಾ ತುಂಬಿದೆ ಎಂದೇ ತಿಳಿಯಿರಿ. ಟ್ರಿಗರಿಗೆ ಬೆರಳು ತಾಗಿಸಬೇಡಿ. ನಳಿಗೆಯ ಬಾಯನ್ನು ಯಾರ ಕಡೆಗೂ ತಿರುಗಿಸಬೇಡಿ. ಮಕ್ಕಳನ್ನು ಹೊರಗೆ ಕಳುಹಿಸಿ. ತೆರೆಯಲು ಬಾರದವರು ತೆರೆಯುವ ಸಾಹಸ ಮಾಡದೆ ಪೊಲೀಸ್ ಠಾಣೆಗೆ ತಿಳಿಸಿ. ಬಲ್ಲವರು ಬಂದು ಬರಿದು ಮಾಡಲಿ. ಹಸಿರು ಕಿಲುಬು ಹಿಡಿದ ತೋಟಾವೂ ಸಿಡಿಯಬಲ್ಲದು.

ಇದರ ರಚನೆ

ರಿವಾಲ್ವರಿನ ನಡುವೆ ತಿರುಗುವ ಒಂದು ಉರುಳೆ ಇದೆ. ಅದರಲ್ಲಿ ಸಾಮಾನ್ಯವಾಗಿ 5 ಅಥವಾ 6 ಮನೆಗಳು, ಮನೆಗೊಂದು ತೋಟಾ. ಹಿಂಬದಿಯ ಕುದುರೆ ಮೇಲೆದ್ದಾಗ ಉರುಳೆ ಒಂದು ಮನೆಯಷ್ಟು ತಿರುಗಿ, ಹೊಸ ತೋಟಾ ನಳಿಗೆಯ ಎದುರು ಬಂದು ನಿಲ್ಲುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಆ ದೇಶದ ಪೇಟೆಂಟನ್ನು ಪಡೆದದ್ದು 1836ರಲ್ಲಿ. ಬ್ರಿಟಿಷ್ ಸೈನ್ಯವು 1887ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಬ್ಲಿ ರಿವಾಲ್ವರನ್ನು ಒಪ್ಪಿಕೊಂಡಿತು. ಅದರ ಆರನೆಯ ಮಾದರಿ 1915ರಲ್ಲಿ ಬಂತು. ಇದು ನಡುವೆ ಮಡಿಚುವ ಜಾತಿ: ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ, ಆರು ತೋಟಾಗಳೂ ಒಟ್ಟಿಗೆ ಹೊರಬರುತ್ತವೆ. ಕಬ್ಬಿಣದ ಮೇಲೆ ಕೊರೆದ ನಂಬರು, ಮುದ್ರೆಗಳಿಂದ ಆಯುಧದ ಹುಟ್ಟೂರು, ಮಾದರಿ ತಿಳಿಯುತ್ತವೆ. ಆದಕಾರಣ ಅವುಗಳನ್ನು ಅರದಿಂದ ಉಜ್ಜಿ ಅಳಿಸಕೂಡದು. ನಂಬರು ಅಳಿಸುವುದು ಅಪರಾಧವೂ ಹೌದು.

ಕಾನೂನಿನ ಮಾತು

“ಅಜ್ಜನದು, ಆದ್ದರಿಂದ ನನ್ನದು” ಎಂಬ ಮಾತು ಹೊಲಕ್ಕೆ ನಡೆದೀತು, ಬಂದೂಕಿಗೆ ನಡೆಯದು. 1959ರ ಶಸ್ತ್ರ ಕಾಯಿದೆಯಂತೆ ಪರವಾನಗಿ ಇದ್ದದ್ದು ಅಜ್ಜನ ಹೆಸರಿಗೆ. ಅವರು ತೀರಿಕೊಂಡ ಮೇಲೆ ವಾರಸುದಾರರು ತಡಮಾಡದೆ ಆಯುಧವನ್ನು ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಒಪ್ಪಿಸಿ ರಶೀದಿ ಪಡೆಯಬೇಕು. ಬಳಿಕ ತಮ್ಮ ಹೆಸರಿಗೆ ಪರವಾನಗಿ ಕೋರಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಬಹುದು. ಮರಣ ಪತ್ರ, ಹಳೆಯ ಪರವಾನಗಿ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಇವುಗಳನ್ನು ಮೊದಲೇ ಕೂಡಿಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕುಗಳ ಮಿತಿ. ಪಿತ್ರಾರ್ಜಿತವೂ ಆ ಲೆಕ್ಕದಲ್ಲೇ ಸೇರುತ್ತದೆ. ಕೆಲವು ಅಳತೆಯ ಆಯುಧಗಳು ನಿಷೇಧಿತ ವರ್ಗದವು. ಅವುಗಳಿಗೆ ಸಾಮಾನ್ಯ ಪರವಾನಗಿ ಸಿಗದು.

“ಇದು ಕೆಟ್ಟಿದೆ, ಪರವಾನಗಿ ಏಕೆ?” ಎನ್ನುವವರಿದ್ದಾರೆ. ರಿಪೇರಿ ಮಾಡಿದರೂ ಹಾರದಂಥ ಹಳೆಯ ಆಯುಧಕ್ಕೆ ಮಾತ್ರ ಕಾಯಿದೆ ವಿನಾಯಿತಿ ಕೊಡುತ್ತದೆ. ಅದು ಹಾರುವುದೋ ಇಲ್ಲವೋ ಎಂಬುದನ್ನು ನಾವು ಜಗಲಿಯಲ್ಲಿ ಕುಳಿತು ತೀರ್ಮಾನಿಸಲಾಗದು. ಪರವಾನಗಿಯಿಲ್ಲದೆ ಇಟ್ಟುಕೊಂಡು ಸಿಕ್ಕಿಬಿದ್ದರೆ ಜೈಲು ಶಿಕ್ಷೆ ಉಂಟು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿಶೇಷ ವಿನಾಯಿತಿ ಇದೆ. ಅದನ್ನು ನೋಡಿ ಬೇರೆ ಜಿಲ್ಲೆಯವರು ಮೋಸಹೋಗಬಾರದು.

ಪರವಾನಗಿ ಬಂದ ಮೇಲೆ ಆರೈಕೆ

1. ಪ್ರತಿ ಸಲವೂ ಮೊದಲು ಉರುಳೆಯ ಎಲ್ಲ ಮನೆಗಳೂ ಬರಿದಾಗಿವೆಯೇ ಎಂದು ಕಣ್ಣಾರೆ ನೋಡಿರಿ. ತೋಟಾಗಳು ಆ ಕೋಣೆಯಲ್ಲೇ ಇರಕೂಡದು.

2. ಒಣ ಹತ್ತಿ ಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿರಿ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಬೇಡ. ಅವು ಕಾಲಕ್ರಮದಲ್ಲಿ ಅಂಟಾಗಿ ಕೀಲುಗಳನ್ನು ಹಿಡಿಯುತ್ತವೆ.

3. ಹುಣಿಸೆಹಣ್ಣು, ಬೂದಿ, ಉಪ್ಪುಕಾಗದಗಳಿಂದ ಚೊಂಬಿನಂತೆ ತಿಕ್ಕಬೇಡಿ. ಹಳೆಯ ಬಣ್ಣವೂ ಮುದ್ರೆಯೂ ಹೋದರೆ ಮತ್ತೆ ಬಾರವು.

4. ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ತೇವವನ್ನು ಹಿಡಿದಿಡುವುದರಿಂದ ತುಕ್ಕು ಬೇಗ ಹತ್ತುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡುವುದು ಕ್ಷೇಮ. ಕೈ ಬೆವರಿನಲ್ಲಿಯೂ ಉಪ್ಪಿದೆ. ಮುಟ್ಟಿದ ಮೇಲೆ ಒರೆಸಿ ಇಡಿ.

5. ಆಯುಧ ಪೂಜೆಯ ದಿನ ಅರಿಸಿನ, ಕುಂಕುಮ, ನಿಂಬೆಹಣ್ಣಿನ ಹುಳಿಯನ್ನು ಕಬ್ಬಿಣಕ್ಕೆ ತಾಗಿಸದೆ, ಕೆಳಗೆ ಹಾಸಿದ ಬಟ್ಟೆಗೆ ಹಚ್ಚಿ ಪೂಜಿಸಿರಿ. ಹಬ್ಬದ ಸಂಭ್ರಮಕ್ಕೆ, ಮದುವೆ ಮೆರವಣಿಗೆಗೆ ಗುಂಡು ಹಾರಿಸಿ ಇತರರಿಗೆ ಅಪಾಯ ತರುವುದು ಅಪರಾಧ.

6. ಬರಿದಾದ ರಿವಾಲ್ವರನ್ನೂ ಸುಮ್ಮನೆ ಟಕ್ ಟಕ್ ಎನಿಸಬೇಡಿ. ಹಳೆಯ ಮೊಳೆ, ಸ್ಪ್ರಿಂಗು ಮುರಿದಾವು. ರಿಪೇರಿಯನ್ನು ಊರ ಕಮ್ಮಾರರಿಂದಲ್ಲ, ಪರವಾನಗಿ ಪಡೆದ ಕುಶಲಿಯಿಂದಲೇ ಮಾಡಿಸತಕ್ಕದ್ದು.

7. ಬೀಗವಿರುವ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಒಬ್ಬರೇ ಇಟ್ಟುಕೊಳ್ಳಿ. ಚುನಾವಣೆಯ ಕಾಲದಲ್ಲಿ ಠಾಣೆಯವರು ಕೇಳಿದರೆ ಒಪ್ಪಿಸಿ, ರಶೀದಿ ಪಡೆಯಿರಿ.

ಇಟ್ಟುಕೊಳ್ಳಬೇಕೆ?

ಹಂದಿ ಓಡಿಸಲು ರಿವಾಲ್ವರು ಸಾಧನವಲ್ಲ. ನೋಡಿಕೊಳ್ಳುವವರಿಲ್ಲದ ಮನೆಗೆ ಅದು ಭಾರವೇ. ಅಂಥವರು ಕಾನೂನಿನಂತೆ ಮಾರಬಹುದು ಅಥವಾ ಠಾಣೆಗೆ ಒಪ್ಪಿಸಬಹುದು. ಅದರಿಂದ ಅಜ್ಜನ ಹೆಸರೇನೂ ಕುಂದುವುದಿಲ್ಲ. ಅವರು ಯಾವ ಪಲ್ಟನ್ನಿನಲ್ಲಿದ್ದರು, ಎಲ್ಲಿಗೆ ಹೋಗಿದ್ದರು ಎಂಬುದನ್ನು ಅಜ್ಜಿಯ ಬಾಯಿಂದ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಪದಕ, ಭಾವಚಿತ್ರಗಳನ್ನು ಜೊತೆಗಿಡಿ. ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದಾದ ಅಜ್ಜನ ಆಸ್ತಿ ಅದೇ.